ಕಪಾಟು ಕೂಡಿಸುವುದು ಅರ್ಧ ಗಂಟೆಯ ಕೆಲಸ

ನಮ್ಮ ಬೆಳಗಾವಿ–ಖಾನಾಪುರದ ಕಡೆ ‘ಇಳಿಸಿಕೊಳ್ಳುವುದು’ ಎಂದರೆ ಹಿಂದೆ ಬಸ್ಸಿನ ತಲೆಯ ಮೇಲಿಂದ ಗಂಟುಮೂಟೆ ಇಳಿಸಿಕೊಳ್ಳುವುದು ಎಂದೇ ಅರ್ಥವಾಗುತ್ತಿತ್ತು. ಈಗ ಎಂಟನೆಯ ತರಗತಿಯ ಹುಡುಗನಿಗೂ ಇಳಿಸಿಕೊಳ್ಳುವುದೆಂದರೆ ಡೌನ್‌ಲೋಡ್. ನೋಟ್ಸು, ಮಾದರಿ ಪ್ರಶ್ನೆಪತ್ರಿಕೆ, ಪ್ರಯೋಗದ ಚಿತ್ರ, ಪಾಠದ ವಿಡಿಯೋ ಎಲ್ಲವೂ ಮೊಬೈಲಿಗೆ ಇಳಿಯುತ್ತವೆ. ಇಳಿಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಆದರೆ ಅದನ್ನು ಅಲ್ಲಿ ಇಟ್ಟವರು ಯಾರು, ಯಾವ ಕಪಾಟಿನಲ್ಲಿ ಇಟ್ಟರು, ಆ ಕಪಾಟಿಗೆ ಬೀಗವಿತ್ತೋ ಇಲ್ಲವೋ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಗಳು ನನ್ನ ತಲೆಗೆ ಹೊಕ್ಕಿದ್ದು ಇಂಥದೇ ಒಂದು ಕಪಾಟನ್ನು ಕೂಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ. ಬೆಳಗಾವಿ ನಗರ ಮತ್ತು ಖಾನಾಪುರ ತಾಲ್ಲೂಕಿನ ನಾವು ಕೆಲವು ವಿಜ್ಞಾನ ಹಾಗೂ ಗಣಿತ ಶಿಕ್ಷಕರು ಒಂದು ಬಳಗ ಮಾಡಿಕೊಂಡಿದ್ದೇವೆ. ಮೊದಲು ನಮ್ಮ ನೋಟ್ಸುಗಳು ಪೆನ್‌ಡ್ರೈವಿನಲ್ಲಿ ಓಡಾಡುತ್ತಿದ್ದವು. ನೋಟ್ಸಿನ ಜೊತೆ ವೈರಸ್ಸೂ ಓಡಾಡುತ್ತಿತ್ತು. ಆಮೇಲೆ ವಾಟ್ಸ್‌ಆ್ಯಪ್ ಬಂತು. ಅಲ್ಲಿ ಹಾಕಿದ್ದು ಎರಡು ದಿನದಲ್ಲಿ ಶುಭೋದಯದ ಸಂದೇಶಗಳ ಕೆಳಗೆ ಹೂತುಹೋಗುತ್ತಿತ್ತು. ‘ಸರ, ಇನ್ನೊಮ್ಮೆ ಕಳಸ್ರಿ’ ಎಂಬ ಮಾತು ಕೇಳಿ ಕೇಳಿ ಸಾಕಾಗಿ, ನಮ್ಮ ಪುಟ್ಟ ಜಾಲತಾಣಕ್ಕೆ ಒಂದು ಡೌನ್‌ಲೋಡ್ ಕಪಾಟು ಜೋಡಿಸೋಣ ಎಂದು ತೀರ್ಮಾನಿಸಿದೆವು. ಕೈಗೆ ಸಿಕ್ಕದ್ದು ಉಚಿತ ತಂತ್ರಾಂಶಕ್ಕೆ ಸಿಕ್ಕಿಸುವ ಒಂದು ಆಡ್-ಆನ್.

ಆಡ್-ಆನ್ ಎಂದರೆ ಗಾಬರಿಯಾಗಬೇಕಿಲ್ಲ. ಟ್ರ್ಯಾಕ್ಟರಿಗೆ ಕಬ್ಬಿನ ಟ್ರೇಲರ್ ಸಿಕ್ಕಿಸುವುದನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ನೋಡಿದ್ದಾರೆ. ಎಂಜಿನ್ ಟ್ರ್ಯಾಕ್ಟರಿನದು, ಹೊರುವುದು ಟ್ರೇಲರಿನದು. ಕೊಂಡಿ ಹೊಂದಬೇಕು, ಅಷ್ಟೆ. ಇಲ್ಲಿಯೂ ಹಾಗೆಯೇ. ಮೂಲ ತಂತ್ರಾಂಶದ ಆವೃತ್ತಿಗೆ ಆಡ್-ಆನ್ ಹೊಂದುತ್ತದೆಯೇ ಎಂದು ಮೊದಲು ನೋಡಬೇಕು. ಇರುವುದೆಲ್ಲದರ ಒಂದು ಪ್ರತಿಯನ್ನು ಬೇರೆ ಕಡೆ ತೆಗೆದಿಡಬೇಕು. ಆಡ್-ಆನನ್ನು ಅದರ ಕರ್ತೃಗಳ ತಾಣದಿಂದಲೇ ತರಬೇಕು. ಎಲ್ಲೋ ಸಿಕ್ಕಿತೆಂದು ತರಬಾರದು. ಬಹಳಷ್ಟು ಕರ್ತೃಗಳು ಫೈಲಿನ ಪಕ್ಕದಲ್ಲಿ ಉದ್ದನೆಯ ಒಂದು ಗುರುತಿನ ಸಂಖ್ಯೆ ಕೊಟ್ಟಿರುತ್ತಾರೆ. ಶಾ-256 ಎಂಬ ವಿಧಾನದ ಈ ಗುರುತು 64 ಅಕ್ಷರಗಳದ್ದು. ಫೈಲಿನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬದಲಾಗುತ್ತದೆ. ನಾವು ಇಳಿಸಿಕೊಂಡ ಫೈಲಿನ ಗುರುತು ಅದಕ್ಕೆ ತಾಳೆಯಾದರೆ ದಾರಿಯಲ್ಲಿ ಯಾರೂ ಕೈಯಾಡಿಸಿಲ್ಲವೆಂದು ತಿಳಿಯಬಹುದು.

ಮುಂದಿನದು ಸುಲಭ. ಗಂಟು ಬಿಚ್ಚಿ, ಹೇಳಿದ ಫೋಲ್ಡರಿನಲ್ಲಿ ಇಟ್ಟು, ಆಡಳಿತದ ಪುಟದಲ್ಲಿ ‘ಸಕ್ರಿಯಗೊಳಿಸು’ ಎಂದು ಒತ್ತಿದರೆ ಆಯಿತು. ಆಡ್-ಆನ್ ತನಗೆ ಬೇಕಾದ ಕೋಷ್ಟಕಗಳನ್ನು ತಾನೇ ಬರೆದುಕೊಳ್ಳುತ್ತದೆ. ಫೈಲಿನ ಹೆಸರು, ಗಾತ್ರ, ತಾರೀಖು, ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕ ಆ ಕೋಷ್ಟಕದಲ್ಲಿ. ಫೈಲು ಮಾತ್ರ ಬೇರೊಂದು ಫೋಲ್ಡರಿನಲ್ಲಿ. ಗ್ರಂಥಾಲಯದ ರಿಜಿಸ್ಟರು ಮೇಜಿನ ಮೇಲೆ, ಪುಸ್ತಕ ಕಪಾಟಿನಲ್ಲಿ ಇದ್ದ ಹಾಗೆ. ಇಷ್ಟೆಲ್ಲ ಅರ್ಧ ಗಂಟೆಯ ಕೆಲಸ.

ಅರ್ಧ ಗಂಟೆಯಲ್ಲಿ ಮುಗಿಯದ್ದು ಅದರ ನಂತರದ ಪುಟ. ಅಲ್ಲಿ ಸಾಲಾಗಿ ಚೌಕಗಳು. ಯಾರು ಇಡಬಹುದು? ಯಾರು ನೋಡಬಹುದು? ಎಷ್ಟು ದೊಡ್ಡದನ್ನು ಇಡಬಹುದು? ಯಾವ ಬಗೆಯ ಫೈಲು? ಇಟ್ಟ ಕೂಡಲೇ ಎಲ್ಲರಿಗೂ ಕಾಣಬೇಕೋ, ಒಬ್ಬರು ನೋಡಿ ಒಪ್ಪಿದ ಮೇಲೆ ಕಾಣಬೇಕೋ? ಒಂದೊಂದು ಚೌಕದಲ್ಲಿ ಗುರುತು ಹಾಕುವುದು ಒಂದು ಕ್ಷಣದ ಕೆಲಸ. ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ನಮಗೆ ಮೂರು ಭಾನುವಾರ ಹಿಡಿದವು.

ಮೊದಲು ಗಾತ್ರದ ಮಾತು. ಬೆಳಗಾವಿ ನಗರದಲ್ಲಿರುವವರಿಗೆ ಇದು ಮಾತೇ ಅಲ್ಲ. ಆದರೆ ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚು ಕಾಡು. ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೊರಟರೆ ಮೊಬೈಲಿನ ಗೆರೆಗಳು ಒಂದೊಂದಾಗಿ ಮಾಯವಾಗುತ್ತವೆ. ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ. ಮನೆಗೊಂದೇ ಮೊಬೈಲು, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ನಮ್ಮವರೊಬ್ಬರು ಬೆಳಕಿನ ಪಾಠದ ನಲವತ್ತು ಪುಟಗಳ ನೋಟ್ಸನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿ ತಂದಿದ್ದರು. ಅದು 48 ಮೆಗಾಬೈಟು. ಸೆಕೆಂಡಿಗೆ 100 ಕಿಲೋಬಿಟ್ ಸಿಗುವ ಊರಿನಲ್ಲಿ ಇದು ಇಳಿಯಲು ಎಷ್ಟು ಹೊತ್ತು? ವಿದ್ಯಾರ್ಥಿಗಳೇ, ಲೆಕ್ಕ ಮಾಡಿ. ಒಂದು ಬೈಟಿಗೆ 8 ಬಿಟ್. ಹಾಗಾಗಿ 3,84,000 ಕಿಲೋಬಿಟ್. 100ರಿಂದ ಭಾಗಿಸಿದರೆ 3,840 ಸೆಕೆಂಡು, ಅಂದರೆ 64 ನಿಮಿಷ. ನಡುವೆ ಸಂಪರ್ಕ ಕಡಿದರೆ ಕೆಲವು ಆಡ್-ಆನ್‌ಗಳಲ್ಲಿ ಮತ್ತೆ ಮೊದಲಿನಿಂದ ಶುರು.

ಇಷ್ಟು ಗಾತ್ರ ಏಕೆ? ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಅಗಲಕ್ಕೆ 2,480, ಉದ್ದಕ್ಕೆ 3,508 ಚುಕ್ಕೆಗಳು. ಒಟ್ಟು ಸುಮಾರು 87 ಲಕ್ಷ. ಬಣ್ಣದಲ್ಲಾದರೆ ಒಂದೊಂದು ಚುಕ್ಕೆಗೂ 24 ಬಿಟ್ ಬೇಕು. ಶುದ್ಧ ಕಪ್ಪು-ಬಿಳುಪಾದರೆ ಒಂದೇ ಬಿಟ್ ಸಾಕು. ಕುಗ್ಗಿಸುವ ಮೊದಲು ಬಣ್ಣದ ಒಂದು ಪುಟ 26 ಮೆಗಾಬೈಟು, ಕಪ್ಪು-ಬಿಳುಪಿನದು ಬರೀ 1.1. ನೀಲಿ ಶಾಯಿಯಲ್ಲಿ ಬರೆದ ನೋಟ್ಸಿಗೆ ಬಣ್ಣದ ಅಗತ್ಯವೇನು? ಅದೇ ನಲವತ್ತು ಪುಟಗಳನ್ನು ಕಪ್ಪು-ಬಿಳುಪಿನಲ್ಲಿ ಮತ್ತೆ ಮಾಡಿ ಕುಗ್ಗಿಸಿದಾಗ 2 ಮೆಗಾಬೈಟಿಗೆ ಇಳಿಯಿತು. ಅದೇ ಊರಿನಲ್ಲಿ ಈಗ 160 ಸೆಕೆಂಡು. ಅಪ್ಪ ಚಹಾ ಕುಡಿದು ಮುಗಿಸುವಷ್ಟರಲ್ಲಿ ಮಗಳ ಪಾಠ ಇಳಿದಿರುತ್ತದೆ.

ಸರ್ವರು ಕೂಡ ತನ್ನದೇ ಮಿತಿ ಇಟ್ಟುಕೊಂಡಿರುತ್ತದೆ. ಪಿಎಚ್‌ಪಿ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ಒಂದು ಫೈಲಿನ ಮೂಲ ಮಿತಿ 2 ಮೆಗಾಬೈಟು, ಒಮ್ಮೆಗೆ ಕಳಿಸುವ ಒಟ್ಟು ಮಾಹಿತಿಯ ಮಿತಿ 8. ಆಡ್-ಆನಿನಲ್ಲಿ ಹತ್ತು ಎಂದು ಬರೆದರೂ ಸರ್ವರು ಎರಡಕ್ಕೇ ತಡೆಯುತ್ತದೆ. ಹೊರಬಾಗಿಲು ಕಿರಿದಾಗಿದ್ದರೆ ಒಳಬಾಗಿಲನ್ನು ಅಗಲ ಮಾಡಿ ಫಲವೇನು? ಅದನ್ನು ಹೆಚ್ಚಿಸಲು ಬರುತ್ತದೆ. ನಾವು ಆಡಿಯೋ ಪಾಠಗಳಿಗಾಗಿ 8ಕ್ಕೆ ಏರಿಸಿದೆವು, ಒಟ್ಟು ಮಿತಿಯನ್ನೂ ಅದಕ್ಕಿಂತ ಸ್ವಲ್ಪ ಮೇಲಕ್ಕೆ ಒಯ್ದೆವು. ಬರಹದ ನೋಟ್ಸಿಗೆ 2ನ್ನೇ ಉಳಿಸಿಕೊಂಡೆವು.

ಬೀಗದ ಮಾತು ಇನ್ನೂ ಗಂಭೀರ. ಸರ್ವರಿನಲ್ಲಿ ಫೋಲ್ಡರಿನ ಅನುಮತಿಯನ್ನು ಮೂರು ಅಂಕಿಗಳಲ್ಲಿ ಬರೆಯುತ್ತಾರೆ. ಓದಲು 4, ಬರೆಯಲು 2, ಒಳಹೊಗಲು 1. ಮೂರೂ ಕೂಡಿದರೆ 7. ಮೊದಲ ಅಂಕಿ ಒಡೆಯನಿಗೆ, ಎರಡನೆಯದು ಗುಂಪಿಗೆ, ಮೂರನೆಯದು ಉಳಿದವರಿಗೆ. 777 ಎಂದರೆ ಯಾರು ಬೇಕಾದರೂ ಬರೆಯಬಹುದು. 755 ಎಂದರೆ ಒಡೆಯ ಮಾತ್ರ ಬರೆಯಬಹುದು, ಉಳಿದವರು ಓದಬಹುದು. ‘ಕೆಲಸ ಆಗವಲ್ಲದು, 777 ಮಾಡಿ ಬಿಡ್ರಿ’ ಎಂದು ಸಲಹೆ ಕೊಡುವವರು ಬಹಳ. ಅದು ಬಾಗಿಲು ಹಾಕಲು ಬರುತ್ತಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಫೈಲಿನ ಬಗೆಯ ವಿಷಯದಲ್ಲಿಯೂ ಅಷ್ಟೆ. ಬೇಡದ್ದನ್ನು ಪಟ್ಟಿ ಮಾಡುವುದಕ್ಕಿಂತ ಬೇಕಾದ್ದನ್ನು ಪಟ್ಟಿ ಮಾಡುವುದು ಲೇಸು. ಪಿಡಿಎಫ್, ಚಿತ್ರ, ಆಡಿಯೋ ಇಷ್ಟಕ್ಕೆ ಮಾತ್ರ ನಾವು ಒಪ್ಪಿದೆವು. ತಾನಾಗಿ ನಡೆಯುವ ಪ್ರೋಗ್ರಾಮುಗಳಿಗೆ ಪ್ರವೇಶವಿಲ್ಲ.

ಆದರೆ ಯಾವ ಅಂಕಿಗೂ ನಿಲುಕದ ಪ್ರಶ್ನೆಯೊಂದು ಅದೇ ದಿನಗಳಲ್ಲಿ ನನ್ನ ಮನೆ ಬಾಗಿಲಿಗೆ ಬಂತು. ನಾನು ಕಂಪ್ಯೂಟರ್ ಬಲ್ಲವನೆಂದು ಯಾರೋ ಹೇಳಿದ್ದರಂತೆ. ಹಳ್ಳಿಯಿಂದ ಒಬ್ಬ ತಂದೆ ಬಸ್ಸು ಹಿಡಿದು ಬೆಳಗಾವಿಗೆ ಬಂದಿದ್ದರು. ಬೇರೊಂದು ಕಡೆಯ ಬಳಗದ ತೆರೆದ ಕಪಾಟಿನಲ್ಲಿ ಯಾರೋ ಕಿರುಪರೀಕ್ಷೆಯ ಅಂಕಪಟ್ಟಿಯನ್ನು ಮಕ್ಕಳ ಹೆಸರಿನ ಸಮೇತ ಇಟ್ಟಿದ್ದರು. ಅಲ್ಲಿ ಇಟ್ಟದ್ದು ಕೂಡಲೇ ಲೋಕಕ್ಕೆಲ್ಲ ಕಾಣುವ ವ್ಯವಸ್ಥೆ. ಅವರ ಮಗಳಿಗೆ 25ಕ್ಕೆ 4 ಬಂದಿತ್ತು.

‘ಸರ, ಅದನ್ನ ಹೆಂಗರ ಮಾಡಿ ಅಳಿಸಿ ಬಿಡ್ರಿ. ಎರಡ ದಿನ ಆತು, ಸಾಲಿಗೆ ಹೋಗಾಕ ಒಲ್ಲೆ ಅಂತಾಳ.’

ನಾನು ಆ ಬಳಗದವರಿಗೆ ಫೋನು ಮಾಡಿದೆ. ಪಾಪ, ಅವರು ಹತ್ತು ನಿಮಿಷದಲ್ಲಿ ತೆಗೆದರು. ಆದರೆ ಅಷ್ಟರಲ್ಲಿ ಅದನ್ನು ಎಷ್ಟೋ ಜನ ಇಳಿಸಿಕೊಂಡಾಗಿತ್ತು. ‘ನಿಮ್ಮ ಊರಾಗ ಯಾರ ಯಾರ ಕಡೆ ಐತ್ರಿ?’ ಎಂದು ಕೇಳಿದೆ.

‘ಯಾರ ಕಡೆ ಇಲ್ಲಂತ ಕೇಳ್ರಿ, ಸರ’ ಎಂದರು.

ಕಪಾಟಿನಿಂದ ತೆಗೆಯಬಹುದು, ಊರ ಮಂದಿಯ ಮೊಬೈಲಿನಿಂದ ತೆಗೆಯುವುದು ಹೇಗೆ? ಇಳಿದದ್ದು ಮೇಲೇರುವುದಿಲ್ಲ. ಆ ಹುಡುಗಿ ವಾರದ ನಂತರ ಶಾಲೆಗೆ ಹೋದಳೆಂದು ತಿಳಿಯಿತು. ಆ ವಾರದಲ್ಲಿ ಅವಳು ಕಳೆದುಕೊಂಡದ್ದು ಬರೀ ಪಾಠವಲ್ಲ.

ಅಂದಿನ ಭಾನುವಾರ ನಮ್ಮ ಚರ್ಚೆ ಬೇಗ ಮುಗಿಯಿತು. ‘ಒಪ್ಪಿಗೆಯಾದ ಮೇಲೆಯೇ ಕಾಣಲಿ’ ಎಂಬ ಚೌಕಕ್ಕೆ ಗುರುತು ಬಿತ್ತು. ಯಾರು ಇಟ್ಟರೂ ಇನ್ನೊಬ್ಬರು ತೆರೆದು ನೋಡಲೇಬೇಕು. ಮಗುವಿನ ಹೆಸರು, ಅಂಕ, ಫೋಟೋ, ಫೋನ್ ಸಂಖ್ಯೆ ಇರುವ ಯಾವುದೂ ಈ ಕಪಾಟಿಗೆ ಬರಕೂಡದು. ಫೈಲುಗಳ ಫೋಲ್ಡರನ್ನೂ ಹೊರಗಿನಿಂದ ನೇರ ವಿಳಾಸ ಹಾಕಿ ತೆರೆಯಲಾಗದ ಜಾಗಕ್ಕೆ ಸರಿಸಿದೆವು. ಅಂಕ ತಿಳಿಸಬೇಕಾದರೆ ಮಗುವನ್ನು ಹತ್ತಿರ ಕರೆದು ಹೇಳುವ ಹಳೆಯ ಪದ್ಧತಿ ಇದ್ದೇ ಇದೆಯಲ್ಲ.

ಉಳಿದದ್ದು ಹೆಸರಿನ ಸಮಸ್ಯೆ. ‘ಹೊಸದು’, ‘ಫೈನಲ್’, ‘ಫೈನಲ್ 2’ ಎಂಬ ಹೆಸರಿನ ಫೈಲುಗಳಿಂದ ಯಾರಿಗೆ ಉಪಯೋಗ? ತರಗತಿ, ವಿಷಯ, ಪಾಠ, ಮಾಧ್ಯಮ, ವರ್ಷ ಈ ಐದೂ ಹೆಸರಿನಲ್ಲಿರಬೇಕೆಂದು ನಿಯಮ ಮಾಡಿದೆವು. ಮಾಧ್ಯಮ ಎಂದು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ಕನ್ನಡ ಮಾಧ್ಯಮದ ಪಕ್ಕದಲ್ಲೇ ಮರಾಠಿ ಮಾಧ್ಯಮದ ಮಕ್ಕಳೂ ಇದ್ದಾರೆ; ಇಬ್ಬರಿಗೂ ಬೆಳಕಿನ ವಕ್ರೀಭವನ ಒಂದೇ.

ಕನ್ನಡದ್ದೇ ಆದ ಇನ್ನೊಂದು ತೊಡಕೂ ಇತ್ತು. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಅವು ನಮಗೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಹಳೆಯ ಸಂಕೇತದ ಫೈಲುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ, ಮೇಲಿನ ವೇಷ ಮಾತ್ರ ಕನ್ನಡ. ಫಾಂಟ್ ಇಲ್ಲದ ಮೊಬೈಲಿನಲ್ಲಿ ವೇಷ ಕಳಚುತ್ತದೆ, ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದೆ. ಆದ್ದರಿಂದ ಹಳೆಯ ನೋಟ್ಸುಗಳನ್ನು ಯೂನಿಕೋಡಿಗೆ ಬದಲಿಸಿ, ಪಿಡಿಎಫ್ ಮಾಡಿಯೇ ಇಡುತ್ತಿದ್ದೇವೆ.

ಕಪಾಟಿನಲ್ಲಿ ಇಡಬಾರದ್ದನ್ನೂ ಹೇಳಿಬಿಡುತ್ತೇನೆ. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಲ್ಲಿಯೇ ಉಚಿತವಾಗಿವೆ. ಮಾದರಿ ಪ್ರಶ್ನೆಪತ್ರಿಕೆಗಳನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ ಕೊಡುತ್ತದೆ. 2017ರಲ್ಲಿ ಆರಂಭವಾದ ‘ದೀಕ್ಷಾ’ ಇದೆ. ಡಿ.ಎಸ್.ಇ.ಆರ್.ಟಿ. ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಇದೆ. ಇವುಗಳ ಪ್ರತಿ ನಮ್ಮಲ್ಲಿ ಬೇಡ, ವಿಳಾಸ ಕೊಟ್ಟರೆ ಸಾಕು. ಅಲ್ಲಿ ತಿದ್ದುಪಡಿಯಾದರೆ ನಮ್ಮ ಹಳೆಯ ಪ್ರತಿ ಮಕ್ಕಳ ದಾರಿ ತಪ್ಪಿಸುತ್ತದೆ. ಇನ್ನು ಅಂಗಡಿಯ ಗೈಡುಗಳು. 1957ರ ಕೃತಿಸ್ವಾಮ್ಯ ಕಾಯ್ದೆ ಪಾಠದ ಭಾಗವಾಗಿ ಪ್ರತಿ ಮಾಡಿಕೊಳ್ಳಲು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಅವಕಾಶ ಕೊಟ್ಟಿದೆ. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಫೋಟೋಕಾಪಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಹಾಗೆಂದು ಒಂದು ಗೈಡನ್ನು ಇಡಿಯಾಗಿ ಲೋಕಕ್ಕೆಲ್ಲ ಹಂಚುವುದು ಪಾಠವಾದೀತೇ?

ಪಾಲಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು ಏನಾದರೂ ಇಳಿಸಿಕೊಳ್ಳುವಾಗ ‘ಯಾರು ಇಟ್ಟದ್ದು, ಯಾವ ವರ್ಷದ್ದು’ ಎಂದು ಎರಡು ಮಾತು ಕೇಳಿ. ಪರೀಕ್ಷೆಯ ಹಿಂದಿನ ರಾತ್ರಿ ಬರುವ ‘ನಾಳೆಯ ಪೇಪರು’ ಈ ಎರಡು ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಬೇರೆ ಮಕ್ಕಳ ಅಂಕಪಟ್ಟಿ ಕೈಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಕಳಿಸಬೇಡಿ. ಕಪಾಟಿನ ಬೀಗ ಶಿಕ್ಷಕರ ಕೈಯಲ್ಲಿರಬಹುದು. ಇಳಿದ ಮೇಲೆ ಕೀಲಿಕೈ ನಿಮ್ಮದೇ.

ನಮ್ಮ ಕಪಾಟು ಈಗ ನಡೆಯುತ್ತಿದೆ. ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಪಠ್ಯ ಬದಲಾದ ಫೈಲುಗಳನ್ನು ತೆಗೆಯುತ್ತೇವೆ, ಆಡ್-ಆನಿನ ಹೊಸ ಆವೃತ್ತಿ ಹಾಕುತ್ತೇವೆ, ಪಾಸ್‌ವರ್ಡ್ ಬದಲಿಸುತ್ತೇವೆ. ಈ ಸಲದ ಪಾಳಿ ಖಾನಾಪುರದ ಗಣಿತ ಮಾಸ್ತರದು. ಅವರು ಮಾಡಿದ ಮೊದಲ ಕೆಲಸ, ನನ್ನದೇ ಒಂದು ಬಣ್ಣದ ಚಿತ್ರಪಟವನ್ನು ‘ಬಹಳ ಭಾರ’ ಎಂದು ಹಿಂದಕ್ಕೆ ಕಳಿಸಿದ್ದು. ವ್ಯವಸ್ಥೆ ಸರಿಯಾಗಿ ಕೂತಿದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.