ತೂಬು, ಸರದಿ, ನನ್ನ ಕೋಡು

ಯುಗಾದಿಗೆ ಚಿನಕುರಳಿಗೆ ಹೋಗಿದ್ದೆ. "ಆಪೀಸ್‌ನಲ್ಲಿ ಏನೋ ಎಡವಟ್ಟು ಮಾಡ್ಕಂಡಿದ್ದೀಯಂತೆ?" ಅಂದರು ಅಪ್ಪ. ನನ್ನವಳು ಬಾಯಿ ಬಿಟ್ಟಿದ್ದಳು :)

ಯಾರು ಏನು ನೋಡಬಹುದು ಅಂತ ತೀರ್ಮಾನಿಸೋ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ. ಲಾಗಿನ್ ಆದವನು ಯಾರು ಅಂತ ನನ್ನ ಕೋಡು ಸರಿಯಾಗೇ ಗುರುತಿಸುತ್ತಿತ್ತು. ಅವನು ಕೇಳಿದ ಸ್ಯಾಲರಿ ಸ್ಲಿಪ್ಪು ಅವನದೇನಾ ಅಂತ ಮಾತ್ರ ನೋಡುತ್ತಿರಲಿಲ್ಲ. ಲಿಂಕಿನ ಕೊನೆಯ ಅಂಕಿ ಬದಲಿಸಿದರೆ ಇನ್ನೊಬ್ಬರ ಸ್ಲಿಪ್ಪು!

"ನೀರುಗಂಟಿಗೆ ಊರೋರೆಲ್ಲಾ ಗೊತ್ತು ಕಣ್ಲಾ. ಆದ್ರೂ ಸರದಿ ಯಾರ್ದು ಅಂತ ನೋಡ್ದೆ ತೂಬು ಎತ್ತಾನಾ?" ಅಂದರು ಅಪ್ಪ.

2017ರಲ್ಲಿ ಬೆಂಗಳೂರಿನಲ್ಲಿ ಒಬ್ಬ ಇಂಜಿನಿಯರ್ ಬಂಧನವಾಗಿತ್ತು, ನೆನಪಿದೆಯಾ? ಸರ್ಕಾರದ ಇ-ಹಾಸ್ಪಿಟಲ್ ಸರ್ವರ್ ಮೂಲಕ ಅವನ ಆಪ್ ಆಧಾರ್ ವಿವರ ತರಿಸಿಕೊಳ್ಳುತ್ತಿತ್ತು ಅಂದಿದ್ದರು ಪೊಲೀಸರು. ಆಸ್ಪತ್ರೆಗೆಂದು ಎತ್ತಿದ ತೂಬಿನಲ್ಲಿ ಬೇರೆಯವರ ಗದ್ದೆಗೆ ನೀರು. ಆಗ ಓದಿ ನಕ್ಕಿದ್ದೆ. ಓವಾಸ್ಪ್‌ನ 2021ರ ಪಟ್ಟಿಯಲ್ಲಿ ಇಂಥ ದೋಷಕ್ಕೇ ಮೊದಲ ಸ್ಥಾನ ಅಂತಲೂ ಗೊತ್ತಿತ್ತು. ಏನು ಬಂತು?

ಒಂದು ಸಾಲು ಸೇರಿಸಿದೆ, ಸರಿಹೋಯಿತು. ಆದರೆ ಪರೀಕ್ಷೆ ಮಾಡುವಾಗ ಕಣ್ಣಿಗೆ ಬಿದ್ದಿದ್ದು ಪಕ್ಕದ ಸೀಟಿನ ಗೆಳೆಯನ ಸ್ಲಿಪ್ಪು. ಅವನ ಸಂಬಳ ನನ್ನದರ ಅರ್ಧವೂ ಇಲ್ಲ. ದಿನಾ ಕಾಫಿಗೆ ದುಡ್ಡು ಕೊಡೋನು ಅವನೇ.

ಇನ್ನೂ ಹೇಳಿಲ್ಲ ಅವನಿಗೆ...