ಮೊಲಕ್ಕೆ ಎಷ್ಟು ಕಾಲು?

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈ ಗಾದೆ ಕಿವಿಗೆ ಬೀಳದೆ ಬೆಳೆದ ಕನ್ನಡದ ಮಕ್ಕಳು ಕಡಿಮೆ. ಮಕ್ಕಳಿಗೆ ತರ್ಕ ಕಲಿಸಬೇಕು, ಕೇಳಿದ್ದನ್ನು ಅಳೆದು ತೂಗಿ ನೋಡುವುದನ್ನು ಕಲಿಸಬೇಕು ಎಂಬ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಇಂಥ ಗಾದೆಗಳನ್ನು ಹೇಳಿಕೊಟ್ಟ ಅಜ್ಜಿಯರೇ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರು. ಹಾಲು ಬೆಳ್ಳಗಿರುತ್ತದೆ, ನಿಜ. ಮಾತನ್ನು ತಿರುವಿಹಾಕಿದರೆ ಸುಣ್ಣದ ನೀರೂ ಹಾಲಾಗಬೇಕಾಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದರು. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣ ಎನ್ನಬೇಡ ಎಂಬ ಪಾಠ ಅದರಲ್ಲಿದೆ. ಎಲ್ಲಕ್ಕಿಂತ ದೊಡ್ಡದು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕಲಿಸುವುದಕ್ಕೆ ಅತ್ಯಂತ ಕಷ್ಟವಾದದ್ದು ಈ ಕೊನೆಯ ಪಾಠವೇ. ಪಕ್ಕದವರ ಮೊಲದ ಕಾಲು ಎಣಿಸುವುದಕ್ಕೆ ಎಲ್ಲರೂ ತಯಾರು. ತನ್ನ ಕೈಯಲ್ಲಿರುವ ಮೊಲವನ್ನು ಕೆಳಗಿಳಿಸಿ, ಅದರ ಕಾಲು ಎಣಿಸುವ ಅಭ್ಯಾಸ ಬಂದರೆ ತರ್ಕ ಬಂದ ಹಾಗೆ.

ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕ ಶುರುಮಾಡುವವರ ಕೈಗೆ ಇವತ್ತಿಗೂ ಕೊಡುವುದು ಅನ್ನಂಭಟ್ಟನ 'ತರ್ಕಸಂಗ್ರಹ'. ಹದಿನೇಳನೆಯ ಶತಮಾನದ ಪುಟ್ಟ ಪುಸ್ತಕ. ಅದರ ಉದಾಹರಣೆ ಯಾರಿಗೂ ಗೊತ್ತಿರುವಂಥದ್ದು: ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿಲ್ಲವೆ? ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಿ ಮುಗಿಸಬಹುದಿತ್ತು. ಗುರುಗಳು ಅಲ್ಲಿಗೆ ಬಿಡುವುದಿಲ್ಲ. ಬೆಟ್ಟದಲ್ಲಿ ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಎನ್ನಬಹುದೇ ಎಂದು ಕೇಳುತ್ತಾರೆ. ಹುಡುಗ ಹೌದು ಎಂದರೆ, ಕುಲುಮೆಯಿಂದ ಹೊರತೆಗೆದ ಕಬ್ಬಿಣದ ಗುಂಡನ್ನು ಎದುರಿಗೆ ಇಡುತ್ತಾರೆ. ಕೆಂಡದ ಹಾಗೆ ಕಾದಿದೆ, ಹೊಗೆಯ ಸುಳಿವಿಲ್ಲ. ಹಾಗಾದರೆ ಬೆಂಕಿ ಎಲ್ಲಿ ಹೊಗೆಯಾಡುತ್ತದೆ? ಹಸಿ ಸೌದೆ ಸೇರಿದಲ್ಲಿ. ನಾವು ಹೇಳದೆ ಬಿಟ್ಟ ಆ ಹಸಿ ಸೌದೆಯಂಥ ಷರತ್ತಿಗೆ 'ಉಪಾಧಿ' ಎಂದು ಹೆಸರು.

ಬೇಸಿಗೆ ರಜೆಯಲ್ಲಿ ನಮ್ಮ ಜಗಲಿಗೆ ಬರುವ ಮಕ್ಕಳಿಗೆ ಇದನ್ನು ಹೇಳಿದ್ದೆ. ಪೇಟೆಯ ಮಕ್ಕಳು; ಬಚ್ಚಲ ಒಲೆಗೆ ಹಸಿ ಸೌದೆ ತುರುಕಿ ಕಣ್ಣು ಉರಿಸಿಕೊಂಡವರಲ್ಲ. ಆದರೂ ಒಬ್ಬ ತಟ್ಟನೆ, "ಮಾಮ, ಗ್ಯಾಸ್ ಒಲೇಲಿ ಬೆಂಕಿ ಇರತ್ತೆ, ಹೊಗೆ ಎಲ್ಲಿರತ್ತೆ?" ಎಂದ. ಕಬ್ಬಿಣದ ಗುಂಡು ಅವನಿಗೆ ಬೇಕಾಗಲೇ ಇಲ್ಲ. ಅವನ ತಂಗಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು: "ನಂದಿಬೆಟ್ಟದ ಮೇಲೆ ಬೆಳಗ್ಗೆ ಕಾಣೋದು ಹೊಗೆ ಅಲ್ಲ, ಮಂಜು. ಅದನ್ನ ನೋಡಿ ಬೆಂಕಿ ಅಂದ್ರೆ?" ಹೊಗೆಯೇ ಅಲ್ಲದ್ದನ್ನು ಹೊಗೆ ಎಂದುಕೊಂಡು ಹೊರಟರೆ ಏನಾಗುತ್ತದೆ ಎಂಬುದೂ ನಮ್ಮ ನೈಯಾಯಿಕರು, ಅಂದರೆ ತರ್ಕಶಾಸ್ತ್ರದವರು, ಕೂತು ಯೋಚಿಸಿದ ದೋಷವೇ. ಆ ಮಗುವಿಗೆ ದೋಷದ ಹೆಸರು ಗೊತ್ತಿರಲಿಲ್ಲ, ದೋಷ ಕಂಡಿತ್ತು. ಪರೀಕ್ಷೆಗೆಂದು ಹೆಸರುಗಳ ಪಟ್ಟಿ ಉರುಹೊಡೆದವರಿಗೆ ಎಷ್ಟೋ ಸಲ ಇದು ತಿರುವುಮುರುವು.

ಅದೇ ಮಕ್ಕಳ ಜೊತೆ ಆಡಿದ ಇನ್ನೊಂದು ಆಟ ಇದೆ. ಕಾಗದ, ಪೆನ್ಸಿಲ್ ಸಾಕು. "ಎರಡು, ನಾಲ್ಕು, ಆರು. ಈ ಮೂರು ಸಂಖ್ಯೆ ಒಂದು ನಿಯಮದ ಪ್ರಕಾರ ಬಂದಿವೆ. ನೀವೂ ಮೂರು ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಸರಿಹೊಂದುತ್ತೋ ಇಲ್ಲವೋ ನಾನು ಹೇಳ್ತೀನಿ. ನಿಯಮ ಗ್ಯಾರಂಟಿ ಅನ್ನಿಸಿದಾಗ ಹೇಳಿ." ಎಂಟು, ಹತ್ತು, ಹನ್ನೆರಡು? ಹೌದು. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ನಾಲ್ಕು? ಹೌದು. ನೂರು, ನೂರ ಎರಡು, ನೂರ ನಾಲ್ಕು? ಹೌದು. ಎಲ್ಲರೂ ಒಟ್ಟಿಗೆ ಕೂಗಿದರು: "ಎರಡೆರಡು ಕೂಡಿಸ್ತಾ ಹೋಗೋದು!" ಅಲ್ಲ ಎಂದೆ. ಜಗಲಿ ಸ್ತಬ್ಧವಾಯಿತು. ಮೂಲೆಯಲ್ಲಿದ್ದ ಹುಡುಗಿ ಒಂದು ಕೇಳಿದಳು: ಒಂದು, ಎರಡು, ಐವತ್ತು? ಹೌದು. ಆರು, ನಾಲ್ಕು, ಎರಡು? ಇಲ್ಲ. ಅವಳ ಕಣ್ಣು ಅರಳಿತು. "ದೊಡ್ಡದಾಗ್ತಾ ಹೋಗಬೇಕು, ಅಷ್ಟೇ!" ಅಷ್ಟೇ ನಿಯಮ.

ಇದು ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ ಲಂಡನ್ನಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಮಾಡಿ 1960ರಲ್ಲಿ ಪ್ರಕಟಿಸಿದ ಲೆಕ್ಕ. ಒಂದು ತಪ್ಪು ಉತ್ತರವನ್ನೂ ಹೇಳದೆ ನಿಯಮ ಮುಟ್ಟಿದವರು 29 ಜನರಲ್ಲಿ 6 ಜನ ಮಾತ್ರ. ಬುದ್ಧಿ ಕಡಿಮೆಯಾಗಿ ಹೀಗಾಗಲಿಲ್ಲ. ತನ್ನ ಊಹೆಗೆ 'ಹೌದು' ಸಿಗುವ ಪ್ರಶ್ನೆಯನ್ನೇ ಕೇಳುವುದು ಮನಸ್ಸಿನ ಸ್ವಭಾವ. ಆ ಹುಡುಗಿ 'ಇಲ್ಲ' ಎನ್ನಿಸಿಕೊಳ್ಳುವುದಕ್ಕೆ ಹೆದರಲಿಲ್ಲ. ಅದಕ್ಕೇ ಅವಳಿಗೆ ಉತ್ತರ ಸಿಕ್ಕಿತು.

'ಹೌದು' ಸಿಗುವ ಪ್ರಶ್ನೆಯನ್ನಷ್ಟೇ ಕೇಳುವ ಈ ಸ್ವಭಾವ ಊರೂರಲ್ಲೂ ಕಂಡ ದಿನವೊಂದಿತ್ತು. 1995ರ ಸೆಪ್ಟೆಂಬರ್ 21 ನೆನಪಿರುವವರು ಈಗಲೂ ಇದ್ದಾರೆ. ಚಮಚದಲ್ಲಿ ಹಿಡಿದರೆ ಗಣಪತಿ ವಿಗ್ರಹ ಹಾಲು ಕುಡಿಯುತ್ತದೆಂದು ದೇಶದ ಉದ್ದಗಲಕ್ಕೂ ದೇವಸ್ಥಾನಗಳ ಮುಂದೆ ಸಾಲು. ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಡೆದದ್ದು ಇಷ್ಟೇ: ಚಮಚದ ಅಂಚಿಗೆ ಕಲ್ಲು ತಾಕಿದಾಗ ಹಾಲು ಮೇಲ್ಮೈ ಎಳೆತದಿಂದ ಕಲ್ಲಿನ ಕಡೆಗೆ ಜಾರಿ, ತೆಳ್ಳಗಿನ ಪದರವಾಗಿ ಇಳಿದುಹೋಗುತ್ತದೆ. ಹಾಲಿಗೆ ಬಣ್ಣ ಬೆರೆಸಿ ವಿಜ್ಞಾನಿಗಳು ಅದನ್ನು ತೋರಿಸಿದರು. ಅದೇ ಚಮಚವನ್ನು ಮನೆಯ ರುಬ್ಬುಗುಂಡಿಗೂ ಹಿಡಿದು ನೋಡೋಣ ಎಂದು ಒಂದು ಮಗು ಅವತ್ತು ಕೇಳಿದ್ದರೆ, ಅದನ್ನು ಗದರಿಸದೆ ಚಮಚ ಕೈಗೆ ಕೊಡುವ ಹಿರಿಯರು ಬೇಕಿತ್ತು.

ಅಂಥ ಹಿರಿಯರೊಬ್ಬರು ಬೆಂಗಳೂರಿನ ಬಸವನಗುಡಿಯಲ್ಲಿ ಬಹುಕಾಲ ಇದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಓದಲೆಂದು ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ವಾಪಸು ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಬಂದರು, ಅದರ ಹಾಸ್ಟೆಲ್ಲಿನಲ್ಲೇ ಬಾಳಿದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅಲ್ಲಿ ವಿಜ್ಞಾನಿಗಳ ಉಪನ್ಯಾಸ ಕೇಳಲು ಯಾರು ಬೇಕಾದರೂ ಬರಬಹುದಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿ ರಚಿಸಿದರು. ಪವಾಡವೆಂದರೆ ಸಮಿತಿಯ ಎದುರು, ಒಪ್ಪಿದ ಷರತ್ತಿನಲ್ಲಿ ಮಾಡಿ ತೋರಿಸಿ ಎಂದು ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು, ಉತ್ತರ ಬರಲಿಲ್ಲ. ಆ ವರ್ಷಗಳಲ್ಲಿ ಅವರು ಕೇಳಿಸಿಕೊಂಡ ಬೈಗುಳ ಕಡಿಮೆಯಲ್ಲ. ಸುಳ್ಳಾಗಲು ಅವಕಾಶವಿರುವ ಹಾಗೆ ಪರೀಕ್ಷೆ ಇಡಿ ಎಂಬುದೊಂದೇ ಅವರ ಬೇಡಿಕೆಯಾಗಿತ್ತು. 1976ರಲ್ಲೇ ಅಂಗೀಕಾರವಾದ ಸಂವಿಧಾನದ 42ನೇ ತಿದ್ದುಪಡಿಯಿಂದ ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು.

ಹಾಗೆಂದು ಮಾತಿನಲ್ಲಿ ಗೆಲ್ಲುವುದನ್ನು ಕಲಿಸಿದರೆ ತರ್ಕ ಕಲಿಸಿದ ಹಾಗಾಗುವುದಿಲ್ಲ. ತರ್ಕಶಾಸ್ತ್ರದ ಮೂಲಗ್ರಂಥವಾದ ಗೌತಮನ ನ್ಯಾಯಸೂತ್ರ ಮಾತುಕತೆಯನ್ನು ಮೂರಾಗಿ ಬೇರ್ಪಡಿಸುತ್ತದೆ: ನಿಜ ತಿಳಿಯಲು ಆಡುವ ವಾದ, ಗೆಲ್ಲಲು ಆಡುವ ಜಲ್ಪ, ತನ್ನದೇನನ್ನೂ ಹೇಳದೆ ಎದುರಿನವರದ್ದನ್ನು ಕೆಡವುವ ವಿತಂಡ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆ ಹೆಚ್ಚಿನ ಪಾಲು ಎರಡನೆಯದು. ಅದನ್ನು ನಿಲ್ಲಿಸಬೇಕಿಲ್ಲ. 'ಪರ' ಮಾತಾಡಿದ ಮಗುವನ್ನೇ ಹತ್ತು ನಿಮಿಷ ಬಿಟ್ಟು 'ವಿರೋಧ' ಮಾತಾಡಲು ನಿಲ್ಲಿಸಿ, ಎದುರಾಳಿಯ ಮಾತನ್ನು ಅವನೇ ಒಪ್ಪುವ ಹಾಗೆ ಮೊದಲು ಹೇಳಿ ತೋರಿಸು ಎಂದು ಕೇಳಿ, ಬಹುಮಾನವನ್ನು ಅದಕ್ಕೆ ಕೊಡಿ. ಸ್ಪರ್ಧೆ ಆಗ ವಾದವಾಗುತ್ತದೆ.

ತರ್ಕ ಕಲಿಸಲು ಹೊಸ ಪಠ್ಯಪುಸ್ತಕ ಬರಲಿ ಎಂದು ಕಾಯಬೇಕಾಗಿಲ್ಲ. ಇತಿಹಾಸದ ಮೇಷ್ಟ್ರು "ಇದು ನಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿ ಒಂದು ಶಾಸನದ ಚಿತ್ರ ತೋರಿಸಲಿ. ಗಣಿತದ ಟೀಚರು ಉತ್ತರ ಸರಿಯಿದ್ದರೂ ದಾರಿ ಕೇಳಲಿ. ಮನೆಯ ಗ್ರೂಪಿಗೆ ಬಂದ ಫಾರ್ವರ್ಡ್ ಒಂದನ್ನು ಊಟದ ಹೊತ್ತಿಗೆ ಎಲ್ಲರೂ ಸೇರಿ ಬಿಡಿಸಿ ನೋಡಲಿ: ಬರೆದವರು ಯಾರು, ಯಾವಾಗ, ಇದು ಸುಳ್ಳಾಗಿದ್ದರೆ ಏನು ಕಾಣಬೇಕಿತ್ತು? ಆದರೆ ನಮ್ಮಲ್ಲಿ ಇದಕ್ಕೆಲ್ಲ ಅಡ್ಡ ನಿಲ್ಲುವ ಮಾತೊಂದಿದೆ: "ದೊಡ್ಡವರಿಗೆ ಎದುರು ಮಾತಾಡಬೇಡ." ಮರ್ಯಾದೆ ಕಲಿಸೋಣ, ಖಂಡಿತ. ಮಾತಿನ ಧಾಟಿ ಒರಟಾದರೆ ಧಾಟಿಯನ್ನು ತಿದ್ದೋಣ; ಪ್ರಶ್ನೆಯ ಬಾಯಿ ಮುಚ್ಚಿಸುವುದು ಬೇಡ. ಹೊರಗಿನವರನ್ನು ಪ್ರಶ್ನಿಸು, ನನ್ನನ್ನು ಮಾತ್ರ ಕೇಳಬೇಡ ಎನ್ನುವ ಮನೆಯಲ್ಲಿ ಮಗು ಕಲಿಯುವುದು ಯಾರ ಮುಂದೆ ಸುಮ್ಮನಿರಬೇಕು ಎಂಬುದನ್ನಷ್ಟೆ. ತರ್ಕ ಕಲಿಸಬೇಕೆನ್ನುವವರು ತಮ್ಮ ಮಾತಿನ ಮೇಲೇ ಮಕ್ಕಳಿಗೆ ಮೊದಲ ಅಭ್ಯಾಸ ಮಾಡಿಸಬೇಕು, ಮಕ್ಕಳು ಕಾರಣ ಕೊಟ್ಟಾಗ ಅವರೆದುರೇ ನಿರ್ಧಾರ ಬದಲಿಸಬೇಕು.