ಎಡಗೈ ಜೋಪಾನ

ಆರನೇ ಸೆಮ್‌ನ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ವರು ಸೇರಿ ಮಾಡಿದ್ದು ವೇನ್ ಫೈಂಡರ್. ಇನ್‌ಫ್ರಾರೆಡ್ ಎಲ್‌ಇಡಿ, ಫಿಲ್ಟರ್ ಕಿತ್ತ ವೆಬ್‌ಕ್ಯಾಮ್, ಒಂದಿಷ್ಟು ಕೋಡ್. ಕೈ ಮೇಲೆ ಬೆಳಕು ಬಿಟ್ಟರೆ ನಾಳದಲ್ಲಿರೋ ಹಿಮೋಗ್ಲೋಬಿನ್ ಅದನ್ನ ಹೀರಿಕೊಳ್ಳುತ್ತೆ, ಸ್ಕ್ರೀನ್ ಮೇಲೆ ನಾಳಗಳು ಕಪ್ಪು ಗೆರೆಗಳಾಗಿ ಕಾಣ್ತವೆ. ಡೆಮೊ ದಿನ ಅರ್ಧ ಡಿಪಾರ್ಟ್‌ಮೆಂಟ್ ಬಂದು ಕೈ ಚಾಚಿತ್ತು. "ಆಸ್ಪತ್ರೆಗಳಿಗೆ ಬೇಕಾಗಿರುವುದು ಇದೇ" ಅಂತ ರಿಪೋರ್ಟಿನ ಕೊನೇ ಪುಟದಲ್ಲಿ ಬರೆದೂ ಬಿಟ್ಟೆವು.

ಅದೇ ರಜೆಯಲ್ಲಿ ನಮ್ಮಲ್ಲೊಬ್ಬನ ಅಪ್ಪನಿಗೆ ಇನ್ನು ಕೆಲವು ತಿಂಗಳಲ್ಲಿ ಡಯಾಲಿಸಿಸ್ ಶುರು ಮಾಡಬೇಕಾಗುತ್ತೆ ಅಂದರು. ಹದಿನೈದು ವರ್ಷದ ಸಕ್ಕರೆ ಕಾಯಿಲೆಗೆ ಕಿಡ್ನಿ ಸೋತಿತ್ತು. "ಈಗಲೇ ಫಿಸ್ಟುಲಾ ಆಪರೇಷನ್ ಮಾಡಿಸಿ, ಅದಕ್ಕೂ ಮುಂಚೆ ವೇನ್ ಮ್ಯಾಪಿಂಗ್ ಆಗಲಿ" ಅಂದರು ಡಾಕ್ಟರು. ನಾವು ನಾಲ್ವರೂ ಜೊತೆಗೆ ಹೋದೆವು. ನಿಜ ಹೇಳಬೇಕಂದ್ರೆ ಅಂಕಲ್ ಜೊತೆ ನಮ್ಮ ಜಂಬವೂ ಆಟೋ ಹತ್ತಿತ್ತು.

ಹೈಸ್ಕೂಲಲ್ಲಿ ಓದಿದ ಅಪಧಮನಿ, ಅಭಿಧಮನಿ ನೆನಪಿದೆಯಲ್ಲ? ಡಯಾಲಿಸಿಸ್ ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಎಂಎಲ್ ರಕ್ತ ಬೇಕು. ಅಪಧಮನಿಯಲ್ಲಿ ಅಷ್ಟು ರಭಸ ಇದೆ, ಆದ್ರೆ ಅದು ಆಳದಲ್ಲಿದೆ. ಅಭಿಧಮನಿ ಚರ್ಮದ ಹತ್ತಿರ ಇದೆ, ಆದ್ರೆ ರಭಸ ಇಲ್ಲ. ಹಾಗಾಗಿ ಎರಡನ್ನೂ ಜೋಡಿಸಿಬಿಡ್ತಾರೆ. ಕೆಲವು ವಾರಗಳಲ್ಲಿ ಅಭಿಧಮನಿ ಹಿಗ್ಗಿ ಗಟ್ಟಿಯಾಗಿ, ಮತ್ತೆ ಮತ್ತೆ ಸೂಜಿ ತಡೆಯೋ ಹಾಗಾಗುತ್ತೆ. ನ್ಯೂಯಾರ್ಕಿನ ಬ್ರೆಸಿಯಾ, ಚಿಮಿನೋ ಮತ್ತು ಜೊತೆಗಾರರು 1966ರಲ್ಲಿ ಪ್ರಕಟಿಸಿದ ಈ ಉಪಾಯವೇ ಇವತ್ತಿಗೂ ಹೆಚ್ಚಿನವರಿಗೆ ಮೊದಲ ಆಯ್ಕೆ.

ಅಂಕಲ್ ಬಲಗೈ ಬಳಸೋರು, ಹಾಗಾಗಿ ಮೊದಲು ಎಡಗೈ. ಮೇಲ್ತೋಳಿಗೆ ಪಟ್ಟಿ ಕಟ್ಟಿ, ಜೆಲ್ ಹಚ್ಚಿ, ರೇಡಿಯಾಲಜಿಸ್ಟ್ ಮೇಡಂ ಅಲ್ಟ್ರಾಸೌಂಡ್ ಪ್ರೋಬನ್ನ ಹೂವಿನ ಹಾಗೆ ಇಟ್ಟರು. ಜೋರಾಗಿ ಒತ್ತಿದ್ರೆ ನಾಳ ಚಪ್ಪಟೆಯಾಗಿ ಅಳತೆಯೇ ತಪ್ಪುತ್ತಂತೆ. ಮಣಿಕಟ್ಟಿನ ಹತ್ತಿರ 1.5 ಮಿಮೀ. ಸಾಮಾನ್ಯವಾಗಿ 2ರಿಂದ 2.5 ಆದರೂ ಇರಬೇಕು. ಆಮೇಲೆ ಬೇಕಂತಲೇ ಅಲ್ಲಲ್ಲಿ ಒತ್ತುತ್ತಾ ಮೇಲೆ ಬಂದರು. ಒಳ್ಳೇ ನಾಳವಾದ್ರೆ ಒತ್ತಿದ ತಕ್ಷಣ ಮುಚ್ಚಿಕೊಳ್ಳುತ್ತೆ. ಮುಂಗೈ ನಡುವೆ ಒಂದು ಕಡೆ ಮುಚ್ಚಲೇ ಇಲ್ಲ.

"ಇಲ್ಲಿ ಯಾವಾಗ್ಲಾದ್ರೂ ಡ್ರಿಪ್ ಹಾಕಿದ್ರಾ?"

ಎರಡು ವರ್ಷದ ಹಿಂದೆ ಜ್ವರ ಬಂದು ಮೂರು ದಿನ ಅಡ್ಮಿಟ್ ಆಗಿದ್ದರಂತೆ. "ನಾನೇ ಎಡಗೈ ಕೊಟ್ಟೆ ಮೇಡಂ, ಬಲಗೈ ಊಟಕ್ಕೆ ಬೇಕಲ್ಲ" ಅಂದರು ಅಂಕಲ್.

ನಾವು ಯಾರೂ ಮಾತಾಡಲಿಲ್ಲ. ನಾವೂ ಹಾಗೇ ಕೊಡೋರು. ಆಗಲೇ ಕಿಡ್ನಿ ತೊಂದರೆ ಶುರುವಾಗಿತ್ತು, ಮುಂಗೈ ನಾಳ ಉಳಿಸಿಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ. ಕೇಳಬೇಕು ಅಂತ ಮನೆಯವರಿಗೂ ಗೊತ್ತಿರಲಿಲ್ಲ.

ಮೇಡಂ ಮೊಣಕೈ ಮೇಲೆ ಹೋದರು. ಅಲ್ಲಿ 3 ಮಿಮೀ, ಒತ್ತಿದ್ರೆ ಮುಚ್ಚುತ್ತೆ, ಮೇಲಕ್ಕೆಲ್ಲೂ ಅಡ್ಡಿ ಇಲ್ಲ. ಸಕ್ಕರೆ ಕಾಯಿಲೆಯವರ ಅಪಧಮನಿಯಲ್ಲಿ ಸುಣ್ಣ ಕಟ್ಟೋದುಂಟು, ಅದನ್ನೂ ನೋಡಿದರು, ಚೆನ್ನಾಗಿತ್ತು. 1.5ಕ್ಕೂ 3ಕ್ಕೂ ಏನ್ ಮಹಾ ವ್ಯತ್ಯಾಸ ಅನ್ಬೇಡಿ. ಪ್ವಾಜ಼ೈ ಸೂತ್ರ ಓದಿದ್ದೀವಲ್ಲ, ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ಹೋಗುತ್ತೆ. ಲೆಕ್ಕಕ್ಕೆ 16 ಪಟ್ಟು. ಹಾಗಾಗಿ ಫಿಸ್ಟುಲಾ ಮೊಣಕೈಗೆ ಅಂತಾಯ್ತು. ಸಾಧ್ಯವಾದ್ರೆ ಮಣಿಕಟ್ಟಿಂದಲೇ ಶುರು ಮಾಡ್ತಾರೆ, ಅದು ಕೆಟ್ಟರೆ ಮೇಲಕ್ಕೆ ಹೋಗಬಹುದು ಅಂತ. ಅಂಕಲ್‌ಗೆ ಆ ಕೈಯಲ್ಲಿ ಕೆಳಗಿನ ಮೆಟ್ಟಿಲು ಆಗಲೇ ಹೋಗಿತ್ತು.

ವಾಪಸ್ ಬರುವಾಗ ನಮ್ಮ ಪ್ರಾಜೆಕ್ಟಿನ ಮಾತು ಯಾರೂ ಎತ್ತಲಿಲ್ಲ. ನಮ್ಮ ವೆಬ್‌ಕ್ಯಾಮ್ ಕೆಲವು ಮಿಲಿಮೀಟರ್ ಆಳದವರೆಗೆ ಗೆರೆ ತೋರಿಸುತ್ತೆ ಅಷ್ಟೇ. ಆ ಗೆರೆ ಎಷ್ಟು ಅಗಲ, ಎಷ್ಟು ಆಳ, ಒಳಗೆ ಹೆಪ್ಪುಗಟ್ಟಿದೆಯಾ, ಮೇಲೆ ದಾರಿ ಇದೆಯಾ ಅಂತ ಅದು ಹೇಳಲ್ಲ. ಸೂಜಿ ಚುಚ್ಚೋಕೆ ಗೆರೆ ಸಾಕಾಗಬಹುದು. ಸರ್ಜನ್‌ಗೆ ಸಾಲದು. ನಾವು ಒಬ್ಬ ಡಾಕ್ಟರನ್ನೂ ಕೇಳದೆ "ಬೇಕಾಗಿರುವುದು ಇದೇ" ಅಂತ ಬರೆದಿದ್ದೆವು.

ಎರಡು ತಿಂಗಳಾದ ಮೇಲೆ ಮನೆಗೆ ಹೋದಾಗ ಅಂಕಲ್ ತೋಳು ಮುಂದೆ ಮಾಡಿ "ಮುಟ್ರೋ" ಅಂದರು. ಬೆರಳಿಟ್ಟರೆ ಸೈಲೆಂಟಲ್ಲಿಟ್ಟ ಫೋನ್ ಥರ ಗುಂಯ್ ಅನ್ನುತ್ತೆ. ಹರಿವು ಇದೆ ಅನ್ನೋದಕ್ಕೆ ಅದೇ ಸಾಕ್ಷಿ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಮುಟ್ಟಿ ನೋಡ್ಕೊಳ್ತಾರಂತೆ. "ಇದು ನಿಮ್ಮ ಮಿಷಿನ್ನಲ್ಲಿ ಕಾಣ್ಸುತ್ತೇನ್ರೋ?" ಅಂತ ನಕ್ಕರು. ಇಲ್ಲ ಅಂಕಲ್ ಅಂದೆವು.

ಲ್ಯಾಬ್‌ನಲ್ಲಿರೋ ರಿಪೋರ್ಟಿನ ಆ ಸಾಲನ್ನ ಪೆನ್ನಲ್ಲಿ ಹೊಡೆದು ಹಾಕಿದ್ದೀವಿ. ನಿಮ್ಮ ಮನೇಲಿ ಯಾರಿಗಾದ್ರೂ ಕಿಡ್ನಿ ತೊಂದರೆ ಇದ್ರೆ, ಡ್ರಿಪ್ ಹಾಕೋಕೆ ಬಂದಾಗ "ಸಿಸ್ಟರ್, ಮುಂಗೈ ಬಿಟ್ಟು ಹಸ್ತದ ಹಿಂಭಾಗಕ್ಕೆ ಹಾಕೋಕಾಗುತ್ತಾ?" ಅಂತ ಒಂದು ಮಾತು ಕೇಳಿ.

ಅಂಕಲ್ ಈಗ ವಾಚನ್ನ ಬಲಗೈಗೆ ಕಟ್ತಾರೆ. ಬಿಪಿ ನೋಡೋಕೆ ಯಾರೇ ಬಂದ್ರೂ ಬಲಗೈ ಚಾಚಿ, ಎಡಗೈನ ಮಡಿಲಲ್ಲಿ ಇಟ್ಕೊಳ್ತಾರೆ.